ಎಣ್ಣೆಯ ಮುಳ್ಳು, ಬಿಸಿಯ ಮುಳ್ಳು

ನಮ್ಮ ಪಿಕಪ್ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ನಿಪ್ಪಟ್ಟಿನ ಗಾತ್ರದ ಎರಡು ಮೀಟರುಗಳು ಅಕ್ಕಪಕ್ಕ ಕೂತಿವೆ. ಒಂದು, ಇಂಜಿನ್ನಿನೊಳಗೆ ಎಣ್ಣೆ ಎಷ್ಟು ಒತ್ತಡದಲ್ಲಿ ಓಡುತ್ತಿದೆ ಎಂದು ಹೇಳುತ್ತದೆ. ಇನ್ನೊಂದು, ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳುತ್ತದೆ. ಗಾಡಿ ಕಂಪನಿಯಿಂದ ಬರುವಾಗ ಇವು ಇರಲಿಲ್ಲ. ನನ್ನ ಮೊಮ್ಮಗಳು ಕೆಂಚಮ್ಮ ಹಾಕಿದ್ದು. ಈ ಮಾತನ್ನು ಇಷ್ಟು ಚಿಕ್ಕದಾಗಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಊರಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ಆಯಿತು. ಎರಡು ಸಲ ಕೇಳಿದವರು ಈಗ ನನ್ನನ್ನು ದೂರದಿಂದ ಕಂಡರೆ ಬೇರೆ ಓಣಿ ಹಿಡಿಯುತ್ತಾರೆ. ನೀವಿನ್ನೂ ಕೇಳಿಲ್ಲ. ಆದ್ದರಿಂದ ಸ್ವಲ್ಪ ಕೂತುಕೊಳ್ಳಿ.

ಬೆಳಗಿನ ಹೊತ್ತು, ಕುರಿಗಳನ್ನು ಬಿಡುವ ಮುಂಚೆ, ನಾನು ಗಾಡಿಯೊಳಗೆ ಹೋಗಿ ಕೂರುತ್ತೇನೆ. ಕೀಯನ್ನು ಅರ್ಧ ತಿರುಗಿಸಿದರೆ ಸಾಕು, ಮೀಟರುಗಳ ಗಾಜಿನ ಹಿಂದೆ ಅರಿಶಿನದ ನೀರಿನಂಥ ಬೆಳಕು ಹತ್ತುತ್ತದೆ. ಎರಡು ಮುಳ್ಳುಗಳೂ ಸೊನ್ನೆಯ ಹತ್ತಿರ ಮಲಗಿರುತ್ತವೆ. ಹೊರಗೆ ಮಂಜು, ರೊಪ್ಪದಲ್ಲಿ ಒಂದೆರಡು ಮರಿ ಅರಚುವ ಸದ್ದು, ಒಳಗೆ ಆ ಬೆಳಕು. ಎಷ್ಟು ಹೊತ್ತು ಹಾಗೆ ಕೂರುತ್ತೇನೋ ಗೊತ್ತಿಲ್ಲ. ನಮ್ಮ ಮನೆಯಾಕೆ ಮೊದಲ ದಿನ ಇಣುಕಿ ನೋಡಿ, "ಎರಡು ಗಡಿಯಾರ ಯಾಕೆ? ಒಂದು ತಪ್ಪು ಹೇಳಿದ್ರೆ ಇನ್ನೊಂದನ್ನ ಕೇಳಾಕಾ?" ಅಂದಳು. ಈಗ ಅವಳೂ ಒಮ್ಮೊಮ್ಮೆ ಟೀ ಹಿಡಿದು ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಎಲ್ಲಿಗೂ ಹೋಗದ ಗಾಡಿಯಲ್ಲಿ ನಾವಿಬ್ಬರೂ ಬಹಳ ದೂರ ಹೋಗಿ ಬರುತ್ತೇವೆ.

ಮೀಟರ್ ಇಲ್ಲದ ಕಾಲದಲ್ಲಿ ಬಿಸಿ ನೋಡುವುದಕ್ಕೆ ಇದ್ದದ್ದು ಕೈ. ನಮ್ಮಪ್ಪ ಕುರಿಯ ಕಿವಿಯನ್ನು ಎರಡು ಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ಜ್ವರ ಇದೆಯೋ ಇಲ್ಲವೋ ಹೇಳುತ್ತಿದ್ದ. ಇನ್ನೂರು ಕುರಿಗಳ ನಡುವೆ ಜ್ವರದ ಒಂದನ್ನು ಆರಿಸಿ ತೆಗೆಯುತ್ತಿದ್ದ. ನಾನೂ ಕಣ್ಣು ಮುಚ್ಚಿ ಹಿಡಿದು ನೋಡುತ್ತಿದ್ದೆ; ನನಗೆ ಎಲ್ಲ ಕಿವಿಗಳೂ ಕಿವಿಯ ಹಾಗೇ ಇರುತ್ತಿದ್ದವು.

ಒಂದು ಸಲ ಮೊಳಕಾಲ್ಮುರಿಗೆ ಹೋಗುವ ರಸ್ತೆಯ ಏರಿನಲ್ಲಿ ಬಸ್ಸೊಂದು ಹೊಗೆ ಕಾರುತ್ತ ನಿಂತಿತ್ತು. ಆಗ ನನಗೆ ಎಂಟೋ ಒಂಬತ್ತೋ ವಯಸ್ಸು. ಹೊಗೆಯಲ್ಲ ಅದು, ಆವಿ. ಅಷ್ಟು ದೊಡ್ಡ ಬಸ್ಸು ಅನ್ನದ ಪಾತ್ರೆಯ ಹಾಗೆ ಕುದಿಯುವುದನ್ನು ಕಂಡು ನಾನು ಬಾಯಿ ತೆರೆದು ನಿಂತುಬಿಟ್ಟೆ. ಬಸ್ಸಿನ ಮೂತಿಯ ಮೇಲೆ ಒಂದು ಕಾಮನಬಿಲ್ಲು ಕೂಡ ಎದ್ದಿತ್ತು ಎಂದು ನನ್ನ ನೆನಪು. ಇತ್ತೋ, ನಾನೇ ಆಮೇಲೆ ಹಾಕಿಕೊಂಡೆನೋ, ಈಗ ಹೇಳಲಾರೆ. ಅಪ್ಪ ಕುರಿಗಳನ್ನು ನಿಲ್ಲಿಸಿ ಹತ್ತಿರ ಹೋದ, ಬಸ್ಸಿನ ಪಕ್ಕೆಯ ಮೇಲೆ ಅಂಗೈ ಇಟ್ಟ.

"ಜ್ವರ ಐತೆ. ಈಗ ಓಡಿಸಬ್ಯಾಡ," ಅಂದ.

ಡ್ರೈವರ್ ಮೊದಲೇ ಬೇಸತ್ತಿದ್ದ. "ಯಜಮಾನ, ಇದು ಕುರಿಯಲ್ಲ," ಅಂದ.

"ಕುರಿ ಆಗಿದ್ರೆ ನಿನ್ನ ಕೈಗೆ ಕೊಡ್ತಿರಲಿಲ್ಲ ಬಿಡು," ಅಂದ ಅಪ್ಪ.

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರನೂ ನಕ್ಕ. ನಮ್ಮ ಕುಡಿಯುವ ನೀರನ್ನೇ ಅಪ್ಪ ಆ ಬಸ್ಸಿಗೆ ಕೊಟ್ಟ. ಸಂಜೆಯವರೆಗೆ ನಾನು ಬಾಯಾರಿಕೊಂಡು ನಡೆದೆ, ಆದರೂ ಒಂದು ಬಸ್ಸಿಗೆ ನೀರು ಕುಡಿಸಿದ ಜಂಬ ಎಷ್ಟೋ ದಿನ ಇಳಿಯಲಿಲ್ಲ ನನಗೆ!

ಆ ವರ್ಷವೇ ನನ್ನ ಶಾಲೆ ಮುಗಿಯಿತು. ಮೂರನೇ ಕ್ಲಾಸು. ಅಂಕಿ ಬಲ್ಲೆ, ನೂರರವರೆಗೆ ಸಲೀಸು. ಬಿಸಿಯ ಮೀಟರಿನ ಅಂಕಿಗಳು ನೂರಿಪ್ಪತ್ತಕ್ಕೂ ಮೇಲೆ ಹೋಗುತ್ತವೆ. ನೂರರಿಂದಾಚೆಗಿನದನ್ನು ನಂಬಿಕೆಯ ಮೇಲೆ ಬಿಟ್ಟಿದ್ದೇನೆ.

ಈಗ ಕೆಂಚಮ್ಮನ ವಿಷಯ. ಅವಳಿಗಿಟ್ಟದ್ದು ನನ್ನ ತಾಯಿಯ ಹೆಸರು. ನಮ್ಮಲ್ಲಿ ಹಿರಿಯರ ಹೆಸರಿಟ್ಟ ಮಗುವನ್ನು ಹೆಸರು ಹಿಡಿದು ಬೈಯುವ ಹಾಗಿಲ್ಲ. ನಾನು ಅವಳನ್ನು ತೊಟ್ಟಿಲಲ್ಲಿದ್ದಾಗಿನಿಂದ "ಅವ್ವ" ಎಂದೇ ಕರೆಯುತ್ತೇನೆ. ನನ್ನ ಮಗ ಈರಣ್ಣನಿಗೆ ಸಿಟ್ಟು ಬಂದರೂ, ಮಗಳನ್ನು ಬೈಯಲು ಬಾಯಿ ತೆರೆದು, ಹೆಸರು ನಾಲಿಗೆಗೆ ಬರುತ್ತಲೇ ಅಜ್ಜಿ ನೆನಪಾಗಿ, ಕೊನೆಗೆ ಪಕ್ಕದಲ್ಲಿದ್ದ ನಾಯಿಯನ್ನು ಬೈಯುತ್ತಾನೆ. ಹುಡುಗಿಗೆ ಇದು ಚೆನ್ನಾಗಿ ಗೊತ್ತು. ಚಳ್ಳಕೆರೆಯಲ್ಲಿ ಮೋಟಾರು ಕೆಲಸ ಕಲಿಯುವ ಕೋರ್ಸಿಗೆ ಅವಳು ಸೇರಿಕೊಂಡಾಗಲೂ ಆ ದಿನ ಏಟು ತಿಂದಷ್ಟು ಮಾತು ಕೇಳಿದ್ದು ನಮ್ಮ ನಾಯಿಯೇ. ಹುಡುಗರೇ ತುಂಬಿದ್ದ ಕ್ಲಾಸಿನಲ್ಲಿ ಇವಳೊಬ್ಬಳೇ ಹುಡುಗಿ. ಮೂರು ವರ್ಷ ಬಸ್ಸಿನಲ್ಲಿ ಹೋಗಿ ಬಂದಳು. ಸಂಜೆ ಅವಳು ಬಾಗಿಲು ದಾಟಿದರೆ ಗ್ರೀಸಿನ ವಾಸನೆ ಬರುತ್ತಿತ್ತು, ನನಗೆ ಅದು ಮಲ್ಲಿಗೆಗಿಂತ ಕಡಿಮೆಯೇನಲ್ಲ.

ಹೋದ ಮಳೆಗಾಲದಲ್ಲಿ ಈರಣ್ಣ ಲೋಡು ಹಾಕಿಕೊಂಡು ಬರುವಾಗ ಗಾಡಿಯ ಇಂಜಿನ್ ಜಾಮ್ ಆಯಿತು. ಕೆಳಗಿನ ಬೋಲ್ಟು ಸಡಿಲವಾಗಿ ಎಣ್ಣೆಯೆಲ್ಲ ದಾರಿಯುದ್ದಕ್ಕೂ ಸೋರಿಹೋಗಿತ್ತು. ಎಣ್ಣೆ ಕಡಿಮೆಯಾದರೆ ಹತ್ತಬೇಕಾದ ಕೆಂಪು ದೀಪವೊಂದು ಇರುತ್ತದಂತೆ. ಅದು ಹತ್ತಿತು, ಹತ್ತುವ ಹೊತ್ತಿಗೆ ಕೆಲಸ ಮುಗಿದಿತ್ತು. ಇಂಜಿನ್ ಬಿಚ್ಚಿ ಮತ್ತೆ ಕಟ್ಟಿಸಿದ್ದಾಯಿತು. ಆದರೆ ಈರಣ್ಣನ ಒಳಗೆ ಏನೋ ಕಟ್ಟಲಾಗದ ಹಾಗೆ ಬಿಚ್ಚಿಕೊಂಡಿತ್ತು. ಕೂತರೆ ನಿಂತರೆ ಕಿವಿ ನಿಮಿರಿಸುತ್ತಿದ್ದ. "ಆ ಟಕಟಕ ಸಪ್ಪಳ ನಂಗೆ ಕೇಳಿಸಿತ್ತಪ್ಪ," ಅಂದ ಒಂದು ದಿನ, ನನ್ನ ಮುಖ ನೋಡದೆ. "ಇನ್ನೇನು ಮನೆ ಬಂತಲ್ಲ ಅಂತ ಓಡಿಸ್ದೆ. ಕೇಳಿಸಿದ್ರೂ ಓಡಿಸ್ದೆ."

ಗಾಡಿಯನ್ನು ಮಾರಿಬಿಡುತ್ತೇನೆ ಎಂದ. ಮೊಳಕಾಲ್ಮುರಿನ ರೆಡ್ಡಿ ಎಂಬವನಿಗೆ ಮಾತೂ ಕೊಟ್ಟ. ರೆಡ್ಡಿ ಎಮ್ಮೆ ಸಾಕಿಕೊಂಡಿರುವವನು. ಅವನಿಗೆ ಚಳ್ಳಕೆರೆ ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿ ಸಾಗಿಸುತ್ತಿದ್ದದ್ದೇ ನಮ್ಮ ಗಾಡಿ. ಕೊನೆಯ ಲೋಡು ಹಿಂಡಿ ಇಳಿಸಿ, ಗಾಡಿಯನ್ನೂ ಅಲ್ಲೇ ಬಿಟ್ಟು, ಬಸ್ಸಿಗೆ ಬರುವುದು ಈರಣ್ಣನ ಲೆಕ್ಕ.

ಕೆಂಚಮ್ಮ ಅಳಲಿಲ್ಲ. ಅವಳು ನಮ್ಮವ್ವನ ಹಾಗೆಯೇ, ಅಳುವ ಕಡೆ ಕೇಳುವವಳು. "ಅಪ್ಪ, ಗಾಡಿ ಮ್ಯಾಲೆ ಸಿಟ್ಟಾ, ನಿನ್ನ ಮ್ಯಾಲೆ ಸಿಟ್ಟಾ?" ಅಂದಳು. ಈರಣ್ಣ ನಾಯಿಯನ್ನು ಹುಡುಕಿದ. ನಾಯಿ ಇರಲಿಲ್ಲ.

"ಎರಡು ಮೀಟರ್ ಹಾಕ್ತೀನಿ. ಸಪ್ಪಳ ಬರೋಕೆ ಮುಂಚೆನೇ ಅದು ಹೇಳ್ತೈತೆ. ಮೊಳಕಾಲ್ಮುರಿಗೆ ನಾನೇ ಓಡಿಸ್ತೀನಿ. ದಾರ್ಯಾಗೆ ತೊಂದ್ರೆ ಬಂದ್ರೆ ಗಾಡಿ ರೆಡ್ಡೀದು. ಬರಲಿಲ್ಲ ಅಂದ್ರೆ ನಮ್ಮದು. ಒಪ್ತೀಯಾ?"

"ಆತು," ಅಂದ ಈರಣ್ಣ.

ಎರಡು ದಿನ ಅಂಗಳವೇ ನಮ್ಮ ಗ್ಯಾರೇಜು. ಅವಳು ಮೇಸ್ತ್ರಿ, ನಾನು ಕೆಲಸದ ಹುಡುಗ. ಸ್ಪ್ಯಾನರ್ ಕೊಡುವುದು, ಟಾರ್ಚ್ ಹಿಡಿಯುವುದು, ಬೋಲ್ಟು ಕಳೆಯುವುದು ನನ್ನ ಕೆಲಸ. ಕಳೆದ ಬೋಲ್ಟನ್ನು ಹುಡುಕುವುದು ನಮ್ಮ ಮನೆಯಾಕೆಯ ಕೆಲಸ. ಕೆಂಪು ದೀಪದ ಹಳೇ ಸ್ವಿಚ್ಚು ಕೂತಿದ್ದ ಕಡೆ ಹಿತ್ತಾಳೆಯ ಕವಲು ಹಾಕಿ, ಒಂದು ಬಾಯಿಗೆ ಹಳೇ ಸ್ವಿಚ್ಚು, ಇನ್ನೊಂದಕ್ಕೆ ಹೊಸ ಮೀಟರಿನ ಸೆನ್ಸರು. ಬಿಸಿಗೆ ಬೇರೆ ದಾರಿ: ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪನ್ನು ನಡುವೆ ಕತ್ತರಿಸಿ, ಲೋಹದ ತುಂಡೊಂದನ್ನು ಸೇರಿಸಿ, ಅದಕ್ಕೆ ಸೆನ್ಸರು. ಪೈಪಿಗೆ ಅವಳು ಬ್ಲೇಡು ಇಟ್ಟಾಗ ನಾನು ಮುಖ ತಿರುಗಿಸಿಕೊಂಡೆ.

ಎಣ್ಣೆ ಸೋರದ ಹಾಗೆ ಸೆನ್ಸರಿನ ತಿರುಪಿಗೆ ಬಿಳಿ ಟೇಪು ಸುತ್ತುವ ಕೆಲಸ ನನಗೆ ಸಿಕ್ಕಿತು. "ಎರಡು ಸುತ್ತು ಸಾಕು ತಾತ," ಅಂದಿದ್ದಳು. ನಾನು ಕದಿರಿಗೆ ಉಣ್ಣೆ ಸುತ್ತಿದವನು, ಎರಡಕ್ಕೆ ಹೇಗೆ ಬಿಡಲಿ? ಪ್ರೀತಿಯಿಂದ ಹತ್ತು ಹನ್ನೆರಡು ಸುತ್ತಿದೆ. ಇಂಜಿನ್ ಚಾಲೂ ಮಾಡಿದರೆ ಮುಳ್ಳು ಅಲುಗಲಿಲ್ಲ. ವೈರು ನೋಡಿದಳು, ಫ್ಯೂಸ್ ನೋಡಿದಳು, ಕೊನೆಗೆ ಸೆನ್ಸರು ಬಿಚ್ಚಿ ನನ್ನ ಕಡೆ ನೋಡಿದಳು.

"ತಾತ, ಇದಕ್ಕೆ ಸೀರೆ ಉಡಿಸೀಯಲ್ಲ! ಲೋಹ ಲೋಹ ಮುಟ್ಟಿದ್ರೆನೇ ಕರೆಂಟ್ ಹರಿಯೋದು."

"ಚಳಿ ಐತಲ್ಲವ್ವ," ಅಂದೆ.

ಎರಡನೇ ಸಲ ಮುಳ್ಳು ಥಟ್ಟನೆ ಎದ್ದು ನಿಂತಿತು. ಮೊದಲ ಸಲ ತಾಯಿಯ ದನಿ ಕೇಳಿದ ಮರಿ ಎದ್ದ ಹಾಗೆ. ಎಣ್ಣೆಯ ಮುಳ್ಳು ಮೇಲೆ, ಬಿಸಿಯ ಮುಳ್ಳು ಕೆಳಗೆ. ಸ್ವಲ್ಪ ಹೊತ್ತಿಗೆ ಬಿಸಿಯ ಮುಳ್ಳು ನಿಧಾನವಾಗಿ ಮೇಲೇರಿದ ಹಾಗೆ ಎಣ್ಣೆಯ ಮುಳ್ಳು ನಿಧಾನವಾಗಿ ಇಳಿಯಿತು. ನಾನು ಗಾಬರಿಯಾದೆ. ಅವಳು ನಕ್ಕಳು. ತಣ್ಣಗಿರುವ ಎಣ್ಣೆ ಚಳಿಗಾಲದ ತುಪ್ಪದ ಹಾಗೆ ಗಟ್ಟಿ, ತಳ್ಳಲು ಒತ್ತಡ ಹೆಚ್ಚು. ಬಿಸಿಯಾದರೆ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ, ಅದು ಸರಿಯೇ ಎಂದು ವಿವರಿಸಿದಳು. ಒಂದು ಏರುತ್ತ ಒಂದು ಇಳಿಯುತ್ತ ಎರಡೂ ತಮ್ಮ ತಮ್ಮ ಜಾಗದಲ್ಲಿ ನಿಂತವು. ಗಂಡ ಹೆಂಡತಿಯೂ ಮದುವೆಯಾದ ಹೊಸತರಲ್ಲಿ ಹೀಗೇ ಅಲ್ಲವೇ ಎಂದು ನಾನು ಎಲ್ಲಿಗೋ ತೇಲಿಹೋದೆ. ಟಾರ್ಚ್ ಕೈಯಿಂದ ಬಿತ್ತು.

ಹೊರಡುವ ದಿನ ಸೂರ್ಯ ಹುಟ್ಟುವ ಮುಂಚೆಯೇ ಕೆಂಚಮ್ಮ ಎಣ್ಣೆ, ನೀರು ನೋಡಿ, ಬಾನೆಟ್ಟನ್ನು ತೆರೆದೇ ಬಿಟ್ಟು ರೊಟ್ಟಿ ತಿನ್ನಲು ಒಳಗೆ ಹೋದಳು. ಹಿಂದಿನ ದಿನವೇ ಹಿಂಡಿಯ ಮೂಟೆಗಳನ್ನು ತುಂಬಿದ್ದೆವು. ಚಳಿ ಎಂದರೆ ಅಂಥಿಂಥ ಚಳಿಯಲ್ಲ. ಉಳ್ಳಾರ್ತಿ ಕಾವಲಿನ ಹುಲ್ಲು ಬಯಲ ಕಡೆಯಿಂದ ಬೀಸುವ ಗಾಳಿ ಹಲ್ಲಿನ ಸಂದಿಗೆ ನುಗ್ಗುತ್ತಿತ್ತು. ನಾನು ಗಾಡಿಯ ಮುಂದೆ ನಿಂತು ನೋಡಿದೆ. ಅದೂ ಪಾಪ, ಕಾಯಿಲೆಯಿಂದ ಎದ್ದು ಮೊದಲ ಸಲ ದೂರ ಹೊರಟಿದೆ. ಮರಿ ಹಾಕಿದ ಕುರಿಯನ್ನೋ ಉಣ್ಣೆ ಕತ್ತರಿಸಿದ ಕುರಿಯನ್ನೋ ಇಂಥ ಗಾಳಿಗೆ ಎದುರಾಗಿ ಯಾರಾದರೂ ಬಿಡುತ್ತಾರೆಯೇ? ಹೊದ್ದಿದ್ದ ಕಂಬಳಿಯನ್ನು ತೆಗೆದು ನಾಲ್ಕು ಮಡಿಕೆ ಮಾಡಿದೆ. ಒಂದು ಅಂಚನ್ನು ಬಾನೆಟ್ಟಿನ ತುಟಿಯೊಳಗೆ ಸೇರಿಸಿ ಬಾನೆಟ್ ಮುಚ್ಚಿದೆ. ಎರಡು ದೀಪಗಳ ನಡುವೆ, ಜಾಲರಿಯ ಮೇಲೆ, ಕಂಬಳಿ ಎದೆಯ ತುಂಬ ಇಳಿಬಿತ್ತು. ಕೆಳಗಿನ ಅಂಚನ್ನು ಹಗ್ಗದಿಂದ ಬಂಪರಿಗೆ ಬಿಗಿದೆ. ಕರಿ ಕಂಬಳಿ, ಕತ್ತಲು, ಯಾರಿಗೂ ಕಾಣಲಿಲ್ಲ. ನಮ್ಮ ಮಂದಿಗೆ ಕಂಬಳಿಗಿಂತ ದೊಡ್ಡ ಮರ್ಯಾದೆ ಇಲ್ಲ. ಮೊಳಕಾಲ್ಮುರಿನಲ್ಲಿ ಇಳಿದಾಗ ಎಲ್ಲರೂ ನೋಡಲಿ ಎಂದು ಬಾಯಿ ಮುಚ್ಚಿಕೊಂಡು ಹತ್ತಿ ಕೂತೆ.

ಅವಳು ಸ್ಟಿಯರಿಂಗ್ ಹಿಡಿದಳು. ಕಿಟಕಿಯ ಕಡೆ ಈರಣ್ಣ, ನಡುವೆ ನಾನು. ಈರಣ್ಣ ತನ್ನ ಟವೆಲು, ದೇವರ ಪಟ ಎಲ್ಲವನ್ನೂ ಮೊದಲೇ ಗಾಡಿಯಿಂದ ತೆಗೆದಿಟ್ಟಿದ್ದ. ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದ, ಮೀಟರಿನ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ.

ನಾನು ಹಾಯಿಸಿದೆ. ಬೇರೇನೂ ನೋಡಲಿಲ್ಲ. ಚಳ್ಳಕೆರೆ ದಾಟುವಾಗ ಮಿಲ್ಲುಗಳಿಂದ ಹುರಿದ ಶೇಂಗಾದ ಘಮ ಬಂತು. ಆಮೇಲೆ ಬಯಲು, ಬಯಲಿನ ಮೇಲೆ ಮಂಜು, ಮಂಜಿನ ಆಚೆ ಕೆಂಪಗೆ ಒಂದು ಗೆರೆ. ಗಾಡಿ ಜೋಗುಳ ಹಾಡುತ್ತಿತ್ತು. ಆಗ ಸಣ್ಣಗೆ, ಬಿಸಿಯಾದ ಉಣ್ಣೆಯ ವಾಸನೆ ಬಂತು. ಆಹಾ! ಎಷ್ಟು ವರ್ಷವಾಯಿತು ಆ ವಾಸನೆಗೆ! ಹಟ್ಟಿಯಲ್ಲಿ ಬೆಂಕಿಯ ಪಕ್ಕ, ಅವ್ವನ ಕಂಬಳಿಯೊಳಗೆ ನಾವು ನಾಲ್ಕು ಮಕ್ಕಳು ಮುದುಡಿ ಮಲಗಿದಾಗ, ಬೆಂಕಿಯ ಕಡೆಯ ಮಗ್ಗುಲು ಬಿಸಿಯಾಗಿ ಇದೇ ವಾಸನೆ ಬರುತ್ತಿತ್ತು. ಅವ್ವನ ಹೆಸರಿನ ಹುಡುಗಿ ಗಾಡಿ ಓಡಿಸುತ್ತಿರುವಾಗ ಅವ್ವನ ಕಂಬಳಿಯ ವಾಸನೆ ಬರದೆ ಇನ್ನೇನು ಬಂದೀತು ಎಂದು ನನ್ನ ಕಣ್ಣುಗಳು ತುಂಬಿದವು. ಕಣ್ಣು ಮುಚ್ಚಿ ಎದೆತುಂಬ ಎಳೆದುಕೊಂಡೆ. ನೆನಪಿಗೆ ಅಷ್ಟು ಖಾರವಾದ ವಾಸನೆ ಇರುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು.

"ತಾತ, ಕಣ್ಣು ಬಿಡು. ಇದು ಯಾಕೋ ಏರ್ತಾ ಐತೆ," ಅಂದಳು ಕೆಂಚಮ್ಮ.

ಬಿಸಿಯ ಮುಳ್ಳು ತನ್ನ ಜಾಗ ಬಿಟ್ಟು ಮೇಲೆ ಹೋಗಿತ್ತು. ಎಣ್ಣೆಯ ಮುಳ್ಳು ಕೆಳಗೆ ಬಂದಿತ್ತು. ನೋಡುತ್ತಿದ್ದ ಹಾಗೆಯೇ ಬಿಸಿಯದು ನೂರನ್ನು ಮುಟ್ಟಿ, ನಾನು ಓದಲಾರದ ಸೀಮೆಯೊಳಗೆ ಕಾಲಿಟ್ಟಿತು.

ಈರಣ್ಣ ಕಣ್ಣು ಮುಚ್ಚಿಕೊಂಡ. "ಮುಗೀತು," ಅಂದ. ಸಿಟ್ಟಿನಿಂದಲ್ಲ. ಆ ದನಿ ಕೇಳಿದ್ದರೆ ನೀವು ಅವನಿಗೆ ನೀರು ಕೊಡುತ್ತಿದ್ದಿರಿ.

ತಳಕು ದಾಟಿ ಸ್ವಲ್ಪ ದೂರದಲ್ಲಿ ಅವಳು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದಳು. ಗಾಬರಿಯಿಲ್ಲ, ಕೂಗಿಲ್ಲ. "ಎಣ್ಣೆ ಸೋರಿಲ್ಲ ಅಪ್ಪ, ಸೋರಿದ್ರೆ ಒತ್ತಡದ ಮುಳ್ಳು ಬಿದ್ದೇ ಹೋಗ್ತಿತ್ತು. ನೀರು ನಾನೇ ನೋಡೀನಿ. ರೇಡಿಯೇಟರಿಗೆ ಗಾಳಿ ಹೋಗ್ತಿಲ್ಲ, ಅಷ್ಟೇ. ಮುಂದೆ ಏನೋ ಅಡ್ಡ ಬಂದೈತೆ."

ಮುಂದೆ. ಗಾಳಿ. ಅಡ್ಡ.

"ಅವ್ವ," ಅಂದೆ. "ನಾನು ಇಳೀತೀನಿ. ಅಡ್ಡ ಬಂದಿರೋದು ನಾನೇ."

ಈರಣ್ಣ ಇಳಿದು ದಾರಿ ಬಿಟ್ಟ; ಇಬ್ಬರೂ ನನ್ನ ಹಿಂದೆಯೇ ಗಾಡಿಯ ಮುಂದಕ್ಕೆ ಬಂದರು. ಬೆಳಕಾಗಿತ್ತು. ಗಾಡಿಯ ಎದೆಯ ಮೇಲೆ ನಾಲ್ಕು ಮಡಿಕೆಯ ಕರಿ ಕಂಬಳಿ, ಕೆಳಗೆ ಕುರಿ ಕಟ್ಟುವ ಗಂಟು. ಕಂಬಳಿಯಿಂದ ಸಣ್ಣಗೆ ಆವಿ ಏಳುತ್ತಿತ್ತು. ನಾನು ಗಂಟು ಬಿಚ್ಚಿದೆ.

"ಅಪ್ಪಾ," ಅಂದ ಈರಣ್ಣ, "ಗಾಡೀಗೆ ಕಂಬಳಿ ಹೊದಿಸೀಯಾ?"

"ಚಳಿ ಇತ್ತಲ್ಲೋ."

"ಇದು ಕುರಿಯಲ್ಲಪ್ಪ!"

ನಾನು ತಲೆ ತಗ್ಗಿಸಿದೆ. "ತಪ್ಪು ನಂದು. ಹುಡುಗೀದಲ್ಲ, ಗಾಡೀದೂ ಅಲ್ಲ. ಇದನ್ನ ತೊಂದ್ರೆ ಅಂತ ಎಣಿಸಬ್ಯಾಡ ಈರಣ್ಣ. ನಿನ್ನ ಕಾಲು ಹಿಡೀತೀನಿ."

"ಬಿಸಿ ಆಯ್ತಲ್ಲ. ಮಾತು ಅಂದ್ರೆ ಮಾತು," ಅಂದ ಅವನು. ಆದರೆ ಹೇಳುತ್ತ ಅವನು ನೋಡುತ್ತಿದ್ದದ್ದು ನನ್ನನ್ನಲ್ಲ, ಗಾಡಿಯೊಳಗಿನ ಮೀಟರನ್ನು.

ಕೆಂಚಮ್ಮ ಇಂಜಿನ್ ನಿಲ್ಲಿಸಿರಲಿಲ್ಲ. "ಆಯ್ತಪ್ಪ, ತೊಂದ್ರೆ ಅಂತಾನೇ ಎಣಿಸು," ಅಂದಳು. "ಹೋದ ಸಲ ಕೆಂಪು ದೀಪ ಹತ್ತೋ ಹೊತ್ತಿಗೆ ಇಂಜಿನ್ ಸತ್ತೇ ಹೋಗಿತ್ತು. ಈ ಸಲ ಯಾವ ಸಪ್ಪಳನಾದ್ರೂ ಕೇಳಿಸ್ತಾ ನಿಂಗೆ? ತಾತ ಗುಟ್ಟಾಗಿ ಮಾಡಿದ್ದನ್ನ ಕೂಡ ಮೀಟರ್ ಹಿಡಿದು ಹಾಕ್ತು. ಮಾರ್ತೀಯಾ ಮಾರು. ನಿನ್ನ ಕಿವೀಗೆ ಇನ್ನ ರಾತ್ರಿ ಹಗಲು ಕಾವಲು ಕೂರೋ ಕೆಲಸ ಇಲ್ಲ ಅನ್ನೋದನ್ನ ಮಾತ್ರ ನೋಡ್ಕಂಡು ಮಾರು."

ಮೂವರೂ ಕಿಟಕಿಯಿಂದ ತಲೆ ಒಳಗೆ ಹಾಕಿ ನಿಂತೆವು. ಫ್ಯಾನು ತಿರುಗುತ್ತಿತ್ತು. ಮುಳ್ಳು ಮೊದಲು ಅಲುಗಲಿಲ್ಲ. ಆಮೇಲೆ ಒಂದು ಕೂದಲೆಳೆಯಷ್ಟು ಇಳಿಯಿತು. ಮತ್ತೆ ಒಂದು ಎಳೆ. ಹೊಲದಲ್ಲಿ ಹಕ್ಕಿಗಳು ಇಳಿದು ಕೂತವು, ಒಂದು ಲಾರಿ ಹೋಯಿತು, ಬಿಸಿಲು ನಮ್ಮ ಬೆನ್ನಿಗೆ ಬಂತು. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ವಸ್ತುವನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. ಮುಳ್ಳು ತನ್ನ ಜಾಗಕ್ಕೆ ಬಂದು ನಿಂತಾಗ ಈರಣ್ಣನ ಬಾಯಿಂದ ಉಸಿರು ಹೊರಬಿತ್ತು. ಮಳೆಗಾಲದಿಂದ ಹಿಡಿದಿಟ್ಟುಕೊಂಡಿದ್ದ ಉಸಿರು ಇರಬೇಕು ಅದು.

ಉಳಿದ ದಾರಿ ಬಂಡೆಗುಡ್ಡಗಳ ನಡುವೆ ಕನಸಿನ ಹಾಗೆ ಸರಿಯಿತು. ಮಾರುವ ವಿಷಯವನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಕಂಬಳಿಯನ್ನು ಮಡಿಲಲ್ಲಿ ಇಟ್ಟುಕೊಂಡು, ತಪ್ಪು ಮಾಡಿದ ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದೆ.

ಮೊಳಕಾಲ್ಮುರಿನಲ್ಲಿ ರೆಡ್ಡಿ ಕೊಟ್ಟಿಗೆಯ ಮುಂದೆ ಕಾಯುತ್ತಿದ್ದ. ಹಿಂಡಿಯ ಮೂಟೆಗಳು ಇಳಿದವು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು, ಮೀಟರುಗಳನ್ನು ನೋಡಿ ಹುಬ್ಬೇರಿಸಿದ. "ಏಮಯ್ಯಾ ಈರಣ್ಣಾ, ವಿಮಾನ ಮಾಡಿಟ್ಟೀಯಲ್ಲ! ಬಾಗುಂದಿ, ಬಹಳ ಚೆನ್ನಾಗೈತೆ. ಎಲ್ಲಿ, ಕೀ ಕೊಡು."

ಈರಣ್ಣ ಮಗಳ ಕಡೆ ಕೈ ತೋರಿಸಿದ. "ಕೀ ಅವಳ ಹತ್ರ ಐತೆ. ಕೇಳು."

ಕೆಂಚಮ್ಮ ಸೀಟಿನಲ್ಲೇ ಕೂತಿದ್ದಳು. ಇಂಜಿನ್ ಇನ್ನೂ ಓಡುತ್ತಿತ್ತು. "ಲೋಡ್ ಎಳಕಂಡು ಬಂದ ಗಾಡಿ, ಮಾವ. ತಕ್ಷಣ ಆಫ್ ಮಾಡಬಾರ್ದು. ಸ್ವಲ್ಪ ಹೊತ್ತು ಹಂಗೇ ಓಡ್ಲಿ," ಅಂದಳು. ದನಿ ಗಟ್ಟಿಯಾಗಿತ್ತು, ಆದರೆ ಸ್ಟಿಯರಿಂಗ್ ಹಿಡಿದ ಅವಳ ಬೆರಳುಗಳು ಬೆಳ್ಳಗಾಗಿದ್ದವು.

ರೆಡ್ಡಿ ಕಾದ. ನಾನು ಕಾದೆ. ಒಂದು ಎಮ್ಮೆ ಕೂಡ ಕತ್ತೆತ್ತಿ ನೋಡುತ್ತಿತ್ತು. ಈರಣ್ಣ ನಡೆದು ಹೋಗಿ ಕಿಟಕಿಯ ಹತ್ತಿರ ನಿಂತ.

"ಆಫ್ ಮಾಡ್ಲೇಬ್ಯಾಡವ್ವ," ಅಂದ. "ಹಂಗೇ ಊರ ಕಡೆ ತಿರುಗಿಸು."

ಆಮೇಲೆ ರೆಡ್ಡಿ ಕನ್ನಡದಲ್ಲಿ ಸ್ವಲ್ಪ, ತೆಲುಗಿನಲ್ಲಿ ಬಹಳ ಏನೇನೋ ಅಂದ. ಈರಣ್ಣ ಕೈ ಮುಗಿದು, ನಕ್ಕು, ಅವನ ಭುಜ ತಟ್ಟಿ ಹತ್ತಿ ಕೂತ. ನಾನು ಒಳಗೆ ಕೂರಲಿಲ್ಲ. "ನಂಗೆ ಗಾಳಿ ಬೇಕು," ಎಂದು ಹಿಂದಿನ ಖಾಲಿ ತೊಟ್ಟಿಗೆ ಹತ್ತಿ, ಕಂಬಳಿ ಹಾಸಿಕೊಂಡು ಕೂತೆ. ನಿಜ ಹೇಳಬೇಕೆಂದರೆ, ನನ್ನ ಕಣ್ಣೀರನ್ನು ಮಗನಿಗೆ ತೋರಿಸುವ ಮನಸ್ಸಿರಲಿಲ್ಲ.

ಗಾಡಿ ರಸ್ತೆಗೆ ಬಂತು. ಹಿಂದಿನ ಗಾಜಿನಿಂದ ಇಬ್ಬರ ತಲೆಗಳು ಕಾಣುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಈರಣ್ಣ ಮುಂದಕ್ಕೆ ಬಾಗಿ, ಒಂದು ಮೀಟರಿನ ಗಾಜಿನ ಮೇಲೆ ಬೆರಳಿಟ್ಟು ಏನೋ ಕೇಳಿದ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಏನೋ ಹೇಳಿದಳು. ಗಾಳಿಯಲ್ಲಿ ನನಗೆ ಒಂದು ಮಾತೂ ಕೇಳಿಸಲಿಲ್ಲ. ಅವನು ಪಾಠ ಒಪ್ಪಿಸುವವನ ಹಾಗೆ ತಲೆಯಾಡಿಸಿ, ಬೆರಳನ್ನು ಇನ್ನೊಂದು ಮೀಟರಿನ ಮೇಲೆ ಇಟ್ಟ.